ಎಂದಿನಂತೆ ಬಲೆ ಎಳೆಯುವುದು

ಬಲೆಯ ಚೀಲದ ಗಂಟು ಬಿಚ್ಚಿ ಒಳಗಿದ್ದದ್ದೆಲ್ಲ ಡೆಕ್ಕಿನ ಮೇಲೆ ಸುರಿದಾಗ ರೀಕಲ್ಟ್ ಮೊದಲು ನೋಡಿದ್ದು ಮೀನನ್ನಲ್ಲ, ಟ್ರೊಂಪನ ಮುಖವನ್ನು. ಚುಕ್ಕಾಣಿ ಕೋಣೆಯ ಕಿಟಕಿಯಿಂದ ಕೆಳಗಿನದೆಲ್ಲ ಚಿಕ್ಕದಾಗಿ ಕಾಣುತ್ತದೆ, ಆದರೆ ಟ್ರೊಂಪನ ಮುಖ ಮಾತ್ರ ಎಷ್ಟು ದೂರದಿಂದ ನೋಡಿದರೂ ಚಿಕ್ಕದಾಗುವುದಿಲ್ಲ. ಹಡಗಿನಲ್ಲಿ ಅಡುಗೆಯೂ ಅವನದೇ, ಬಲೆಯ ಕೆಲಸವೂ ಅವನದೇ. ಬಂದ ಮೀನನ್ನು ಒಂದು ಕಣ್ಣಿನಿಂದ ಮಾರುಕಟ್ಟೆಗೆ ಅಳೆದರೆ ಇನ್ನೊಂದರಿಂದ ಬಾಣಲೆಗೆ ಅಳೆಯುತ್ತಾನೆ. ಆ ಮುಖ ರಾಶಿಯನ್ನೊಮ್ಮೆ ನೋಡಿತು. ನಕ್ಷತ್ರಮೀನು, ಏಡಿ, ಕಲ್ಲು, ಯಾರದೋ ಒಂಟಿ ಕೈಗವಸು, ಬೊಗಸೆಯಷ್ಟು ಚಿಲ್ಲರೆ ಮೀನು. ಆಮೇಲೆ ನಿಧಾನವಾಗಿ ಕಿಟಕಿಯ ಕಡೆ ತಿರುಗಿತು. ಅವನ ಕೈಯಲ್ಲಿ ಬಾಲದಿಂದ ಜೋತುಬಿದ್ದ ಒಂದೇ ಒಂದು ಟಾರ್ಬಾಟ್ ಇತ್ತು. ಊಟದ ಹರಿವಾಣದಷ್ಟಗಲ ಬೆಳೆಯುವ ಚಪ್ಪಟೆ ಮೀನು ಅದು. ಅದಕ್ಕಾಗಿಯೇ ಈ ವಾರವೆಲ್ಲ ಅವರು ಸಮುದ್ರದಲ್ಲಿದ್ದದ್ದು. ಇದು ಚಹಾದ ಬಸಿಯಷ್ಟೂ ಇರಲಿಲ್ಲ. ಟ್ರೊಂಪ್ ಅದನ್ನು ಬೀಗರಿಗೆ ಮದುಮಗನ ಫೋಟೋ ತೋರಿಸುವವನಂತೆ ಅತ್ತಿತ್ತ ತಿರುಗಿಸಿ ತೋರಿಸಿದ. ರೀಕಲ್ಟ್ ದುರ್ಬೀನು ಎತ್ತಿಕೊಂಡು, ನೋಡಲು ಏನೂ ಇಲ್ಲದ ಕಡೆ ನೋಡಿದ.

ಆದರೂ ಟ್ರೊಂಪನ ಅಪಹಾಸ್ಯವನ್ನು ಸಹಿಸಬಹುದಿತ್ತು, ಸಹಿಸಲಾಗದ್ದು ಹಿಸ್ಕೆಯ ಮರ್ಯಾದೆ. ಸಂಶೋಧನಾ ಕಚೇರಿಯಿಂದ ಬಂದಿದ್ದ ಆ ಫ್ರೀಸ್‌ಲ್ಯಾಂಡಿನ ಹುಡುಗಿ, ಹುಡುಗಿಯೆಂದರೆ ಮೂವತ್ತು ದಾಟಿದವಳೇ, ಆ ಬಸಿಯಷ್ಟು ಮೀನನ್ನು ಎರಡೂ ಕೈಯಿಂದ ತೆಗೆದುಕೊಂಡಳು, ಅಳತೆ ಹಲಗೆಯ ಮೇಲೆ ಮಲಗಿಸಿದಳು, ತನ್ನ ಭಾಷೆಯಲ್ಲಿ ಅದಕ್ಕೆ ಕ್ಷಮಿಸು ಎಂದಳು, ತಲೆ ಸೀಳಿ ಅದರ ಕಿವಿಯೊಳಗಿನ ಪುಟ್ಟ ಕಲ್ಲನ್ನು ಚಿಮಟದಿಂದ ತೆಗೆದಳು. ಮರ ಕೊಯ್ದರೆ ಉಂಗುರ ಎಣಿಸುತ್ತಾರಲ್ಲ, ಹಾಗೆ ಆ ಕಲ್ಲಿನಿಂದ ಮೀನಿನ ವಯಸ್ಸು ತಿಳಿಯುತ್ತದಂತೆ. ಅವಳ ಮುಖದಲ್ಲಿ ನಿರಾಶೆಯ ಗೆರೆಯೂ ಇರಲಿಲ್ಲ. ಮೊದಲ ದಿನ ಬಲೆ ಬರಿದಾಗಿ ಬಂದಾಗ, “ಸೊನ್ನೆ ಕೂಡ ಅಂಕೆನೇ ಅಲ್ವಾ, ನಮಗೆ ಅದೂ ಬೇಕು” ಅಂದಿದ್ದಳು. ಪರೀಕ್ಷೆಯಲ್ಲಿ ನಪಾಸಾದವನಿಗೆ, ನಿನ್ನ ಆರೋಗ್ಯ ಚೆನ್ನಾಗಿದೆಯಲ್ಲ ಅದೇ ದೊಡ್ಡದು ಅಂದ ಹಾಗೆ. ಅವತ್ತಿನಿಂದ ಅವನಿಗೆ ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡಂತಿತ್ತು. ಮೂವತ್ತು ವರ್ಷ ಚುಕ್ಕಾಣಿ ಹಿಡಿದವನು, ತನ್ನೂರು ಉರ್ಕಿನ ಬಂದರಿನಲ್ಲಿ ಇವನ ಮೀನಿನ ಪೆಟ್ಟಿಗೆಗಳು ಇಳಿಯುವುದನ್ನು ನೋಡಲು ಜನ ನಿಲ್ಲುತ್ತಿದ್ದರು. ಈಗ ಸಮಾಧಾನ ಹೇಳಿಸಿಕೊಳ್ಳುವ ಸ್ಥಿತಿ.

ಸಿಕ್ಕಿಕೊಂಡಿದ್ದು ಒಂದು ಪದ. ಎಂದಿನಂತೆ. ಸಮುದ್ರದಲ್ಲಿ ಎಷ್ಟು ಮೀನಿದೆ ಎಂದು ಎಣಿಸಲು ಸಂಶೋಧನಾ ಕಚೇರಿಯವರು ಅದನ್ನು ನಕ್ಷೆಯ ಮೇಲೆ ಚೌಕಗಳಾಗಿ ಕತ್ತರಿಸಿದ್ದಾರೆ. ಯಾವ ಚೌಕಕ್ಕೆ ಹೋಗಬೇಕೆಂಬುದನ್ನು ದಡದಲ್ಲಿ ಕುಳಿತ ಕಂಪ್ಯೂಟರು ಚೀಟಿ ಎತ್ತಿದ ಹಾಗೆ ಎತ್ತುತ್ತದೆ, ಅಲ್ಲಿ ಯಾರ ಮಾತೂ ನಡೆಯುವುದಿಲ್ಲ. ಆದರೆ ಚೌಕದೊಳಗೆ ಕಾಲಿಟ್ಟ ಮೇಲೆ ಹಡಗು ನಡೆಸುವ ತಾಂಡೇಲನೇ ರಾಜ. ಎಲ್ಲಿ ಬೇಕಾದರೂ ಬಲೆ ಬಿಡಬಹುದು, ಎಂದಿನಂತೆ ಎಳೆಯಬೇಕು. ಚಳಿಗಾಲದಲ್ಲಿ ಶಾಲೆಯ ಹಜಾರದಲ್ಲಿ ತಾಂಡೇಲರಿಗೆಂದು ಸಂಜೆ ತರಗತಿ ನಡೆಸಿದಾಗ ಇದನ್ನು ಹೇಳಿಕೊಟ್ಟಿದ್ದರು. ರೀಕಲ್ಟ್ ಮುಂದಿನ ಬೆಂಚಿನಲ್ಲಿ, ಮಕ್ಕಳಿಗೆ ಮಾಡಿದ ಬೆಂಚಿನಲ್ಲಿ, ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕುಳಿತಿದ್ದ. ಎಂದಿನಂತೆ ಅಂದರೆ ಏನು ಎಂದು ಕೇಳಬೇಕೆಂದು ಕೈಯನ್ನು ಭುಜದವರೆಗೂ ಎತ್ತಿದ್ದ. ಎಂದಿನಂತೆ ಅಂದರೆ ಹೆಚ್ಚು ಮೀನು ಸಿಗುವ ಹಾಗೆ ಅಂತಲೇ? ಹಾಗಾದರೆ ಅದು ಎಣಿಕೆಯೋ ಬೇಟೆಯೋ? ಹಿಂದಿನ ಬೆಂಚಿನಿಂದ ತಂಗಿಯ ಗಂಡ ಲುಬ್ಬರ್ಟ್, “ಭಾವ, ಒಂದಕ್ಕೆ ಹೋಗ್ಬೇಕಾ? ಹೋಗ್ಬಾ, ಯಾರೂ ಹೊಡೆಯಲ್ಲ” ಅಂದ. ಇಡೀ ಹಜಾರ ನಕ್ಕಿತು. ಎತ್ತಿದ ಕೈಯಿಂದ ಕಿವಿ ತುರಿಸಿಕೊಂಡು ಇಳಿಸಿದ. ಆ ಪ್ರಶ್ನೆ ಅಂದಿನಿಂದ ಕೈಯಲ್ಲೇ ಉಳಿದಿದೆ.

ಮಾರನೆಯ ವಾರ ಮೀನುಗಾರರ ಸಭೆಯಲ್ಲಿ ಎಣಿಕೆಯ ಹಡಗು ಯಾರದ್ದು ಎಂದಾಗ ಎಲ್ಲರೂ ಮೇಜಿನ ಮೇಲಿನ ಕಾಫಿ ಲೋಟ ನೋಡಿದರು. ಲುಬ್ಬರ್ಟನೇ ಎದ್ದು ಹೇಳಿದ್ದು: “ನಮ್ಮ ರೀಕಲ್ಟನ್ನ ಕಳಿಸಿ. ಚರ್ಚಿನ ಹಿರಿಯ. ಮನೆ ಬೀಗ ಹಾಕಿ ಎರಡ್ಸಲ ನೋಡೋನು. ಅವನು ಮೋಸ ಮಾಡಿದಾನೆ ಅಂತ ನಮ್ಮ ಮೀನಿನ ಪಾಲು ಕಟ್ಟೋ ಬ್ರಸೆಲ್ಸಿನೋರು ಹೇಳೋಕಾಗುತ್ತಾ?” ಅದು ಹೊಗಳಿಕೆಯೋ ಬೈಗುಳವೋ ತಿಳಿಯದೆ ರೀಕಲ್ಟ್ ಎದ್ದು ನಿಂತು ಧನ್ಯವಾದ ಹೇಳಿದ್ದ. ಊರಿನಲ್ಲಿ ಅವನಿಗೆ ಎರಡ್ಸಲ ಅಂತಲೇ ಹೆಸರು. ಅದಾದ ಭಾನುವಾರ ಪಾದ್ರಿಗಳು ಕಳ್ಳ ತಕ್ಕಡಿಯ ಮೇಲೆ ಪ್ರವಚನ ಕೊಟ್ಟರು. ತೂಗುವವನ ಬೆರಳು ತಕ್ಕಡಿಯ ತಟ್ಟೆಗೆ ತಾಗುವುದು ಅವನಿಗೇ ಗೊತ್ತಾಗುವುದಿಲ್ಲ ಅಂದರು. ಪ್ರವಚನದ ಹೊತ್ತಿಗೆ ಎಲ್ಲರಂತೆ ಚೀಪುತ್ತಿದ್ದ ಪೆಪ್ಪರ್‌ಮಿಂಟು ರೀಕಲ್ಟನ ಬಾಯಲ್ಲಿ ಹಾಗೇ ಕಲ್ಲಾಯಿತು. ಅವರು ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಅಲ್ಲಿಯೇ ತೀರ್ಮಾನವಾಗಿಹೋಯಿತು. ಮೀನಿನ ಕಡೆಗೆ ಬೆರಳು ತಾಗಿಸಬಾರದು. ಮೀನಿದೆ ಎಂದು ಗೊತ್ತಿರುವ ಕಡೆ ಬಲೆ ಬಿಡುವುದು ಎಣಿಕೆಯಲ್ಲ, ಮೋಸ. ಈ ಸೋಮವಾರ ಹಡಗು ಹೊರಟಾಗಿನಿಂದ ಹಾಗೆಯೇ ಮಾಡುತ್ತ ಬಂದಿದ್ದ. ಪ್ರತಿ ಚೌಕದಲ್ಲೂ ತನಗೆ ಗೊತ್ತಿರುವ ದಿಬ್ಬ, ತಗ್ಗು, ಹಳೆಯ ಹಡಗು ಮುಳುಗಿದ ಜಾಗ ಎಲ್ಲವನ್ನೂ ಬಿಟ್ಟು, ಹೆಂಗಸರಿರುವ ಓಣಿಯಲ್ಲಿ ತಲೆ ತಗ್ಗಿಸಿ ನಡೆಯುವ ಸಭ್ಯಸ್ಥನಂತೆ, ಬೋಳು ಮರಳಿನ ಮೇಲೆ ಬಲೆ ಎಳೆದಿದ್ದ.

“ಏನೋ ಭಾವ,” ರೇಡಿಯೋ ಗೊರಗುಟ್ಟಿತು. ಲುಬ್ಬರ್ಟನದೇ ದನಿ, ಬಾಯಲ್ಲಿ ಏನೋ ಅಗಿಯುತ್ತಿತ್ತು. “ಪರದೆ ಮೇಲೆ ನಿನ್ನ ಹಡಗು ನೋಡ್ತಾ ಇದೀನಿ. ಅಲ್ಲಿ ಏನು, ಆಲೂಗಡ್ಡೆ ನೆಡ್ತಾ ಇದ್ಯಾ?”

“ಎಣಿಕೆ ಕೆಲಸ ಕಣೋ. ಚೌಕ ಅವರು ಕೊಟ್ಟಿದ್ದು,” ಅಂದ ರೀಕಲ್ಟ್.

“ಚೌಕ ಅವರದ್ದು ಸರಿ, ಬುದ್ಧಿ ನಿನ್ನದಲ್ವಾ? ಆ ಮರಳಲ್ಲಿ ಟಾರ್ಬಾಟ್ ಇರೋದು ಬಿಡು, ಇದ್ರೆ ಅದಕ್ಕೂ ಬೇಜಾರಾಗುತ್ತೆ.”

ಇನ್ನೊಂದು ಹಡಗಿನಿಂದ ಮೈಂಡರ್ಟ್ ನಡುವೆ ಬಂದ. ಮುದುಕ, ನಿಧಾನ ಮಾತು. “ಬಿಡ್ರೋ ಅವನನ್ನ. ಎರಡ್ಸಲ ಮೊದಲನೇ ಸಲ ಬಿಡ್ತಾ ಇದಾನೆ, ಎರಡನೇ ಸಲಕ್ಕೆ ಮೀನು ಬರುತ್ತೆ.”

ರೀಕಲ್ಟ್ ನಕ್ಕ. ನಗುವುದು ಕೇಳಿಸಲಿ ಎಂದು ರೇಡಿಯೋದ ಗುಂಡಿ ಒತ್ತಿ ಹಿಡಿದು ನಕ್ಕ. ಗುಂಡಿ ಬಿಟ್ಟ ಮೇಲೆ ತನ್ನ ನಗು ಕೋಣೆಯಲ್ಲಿ ಸ್ವಲ್ಪ ಹೊತ್ತು ಉಳಿದದ್ದನ್ನು ಕೇಳಿಸಿಕೊಂಡ. ಪರದೆಯ ಮೇಲೆ ಊರಿನ ಹಡಗುಗಳೆಲ್ಲ ಪುಟ್ಟ ತ್ರಿಕೋನಗಳಾಗಿ ಚದುರಿದ್ದವು, ಪ್ರತಿ ತ್ರಿಕೋನದ ಬೆನ್ನ ಹಿಂದೆಯೂ ಅದು ನಡೆದ ದಾರಿಯ ಗೆರೆ. ಯಾರು ಎಲ್ಲಿ ತಿರುಗಿದರು, ಎಲ್ಲಿ ನಿಧಾನ ಮಾಡಿದರು, ಎಲ್ಲ ಎಲ್ಲರಿಗೂ ಕಾಣುತ್ತದೆ. ಅಪ್ಪನ ಕಾಲದಲ್ಲಿ ಸಮುದ್ರಕ್ಕೆ ಹೋದವನು ವಾರ ಪೂರ್ತಿ ಮಾಯ. ಈಗ ಎಲ್ಲರ ಮನೆಯ ಹಿತ್ತಲೂ ಎಲ್ಲರ ಕಿಟಕಿಗೆ ಕಾಣುತ್ತದೆ.

ಮಧ್ಯಾಹ್ನದ ಊಟಕ್ಕೆ ಎಂದಿನಂತೆ ಟೋಪಿ ತೆಗೆದು ಕಣ್ಣು ಮುಚ್ಚಿದರು. ಎಂದಿನಂತೆ, ಮತ್ತೆ ಅದೇ ಪದ. ಪ್ರಾರ್ಥನೆ ಹೇಳುವುದು ರೀಕಲ್ಟನ ಕೆಲಸ. ನೀನು ಕರುಣಿಸಿದ ಈ ಅನ್ನಕ್ಕಾಗಿ ಎಂದು ಶುರು ಮಾಡಿದವನಿಗೆ ಎಣ್ಣೆಯ ವಾಸನೆಯಲ್ಲಿ ಏನೋ ಅಪರಿಚಿತವಾದದ್ದು ತಾಗಿತು. ಆಮೆನ್ ಎಂದು ಕಣ್ಣು ಬಿಟ್ಟರೆ ಎದುರಿಗೆ ಬಿಳಿಯ, ಚೌಕಾಕಾರದ, ಮುಳ್ಳಿಲ್ಲದ ಮೀನು.

“ಇದೇನು?” ಅಂದ.

“ಪಂಗಾಸಿಯಸ್,” ಟ್ರೊಂಪ್ ಉಪ್ಪು ಮುಂದೆ ತಳ್ಳಿದ. “ವಿಯೆಟ್ನಾಮಿನದು. ಕೆರೆ ಮೀನು. ಸೂಪರ್ ಮಾರ್ಕೆಟ್ಟಲ್ಲಿ ರಿಯಾಯಿತಿ ಇತ್ತು, ಯಾವುದಕ್ಕೂ ಇರ್ಲಿ ಅಂತ ತಂದಿಟ್ಟಿದ್ದೆ. ದೇವರ ದಯ, ಇತ್ತು ನೋಡಿ.”

“ಹಡಗಲ್ಲಿ... ಅಂಗಡಿ ಮೀನಾ?”

“ತಾಂಡೇಲ್ರೇ, ನನ್ನ ಬಾಣಲೆಗೆ ಬಂದಿದ್ದು ಈ ವಾರ ಇಷ್ಟೇ. ಆ ಬಸಿ ಟಾರ್ಬಾಟು ಇತ್ತು, ಅಕ್ಕೋರು ಅದರ ಕಿವಿ ಕಿತ್ರು. ಕಿವುಡು ಮೀನು ಬಡಿಸೋಕೆ ನಂಗೆ ಮನಸ್ಸಾಗಲಿಲ್ಲ.”

ಹಿಸ್ಕೆ ನಗಲಿಲ್ಲ. ಚೆನ್ನಾಗಿದೆ ಅಂದಳು, ಇನ್ನೊಂದು ತುಂಡು ಹಾಕಿಸಿಕೊಂಡಳು. ಅವಳ ಆ ಇನ್ನೊಂದು ತುಂಡು ರೀಕಲ್ಟನ ಎದೆಯ ಮೇಲೆ ಬಂದು ಕುಳಿತಿತು. ಅಮ್ಮನಿಗೆ ಇದು ಗೊತ್ತಾದರೆ? ಅಮ್ಮ ಸತ್ತು ಆರು ವರ್ಷವಾಗಿತ್ತು, ಆದರೆ ಗೊತ್ತಾಗುವುದಕ್ಕೂ ಬದುಕಿರುವುದಕ್ಕೂ ಅವಳ ವಿಷಯದಲ್ಲಿ ಯಾವತ್ತೂ ಸಂಬಂಧ ಇರಲಿಲ್ಲ.

ಊಟವಾದ ಮೇಲೆ ಅವಳು ಮೆಟ್ಟಿಲು ಹತ್ತಿ ಚುಕ್ಕಾಣಿ ಕೋಣೆಗೆ ಬಂದಳು. ಬಾಗಿಲ ಬಳಿಯೇ ನಿಂತಳು. ಸಮುದ್ರ ಸ್ವಲ್ಪ ಎದ್ದಿತ್ತು. ಅವಳು ಒಂದು ಕೈಯಿಂದ ಚೌಕಟ್ಟು ಹಿಡಿದು, ಇನ್ನೊಂದರಿಂದ ತನ್ನ ಹೊಟ್ಟೆ ಹಿಡಿದುಕೊಂಡು, ಎರಡನ್ನೂ ಹಿಡಿದಿಲ್ಲವೆಂಬಂತೆ ಮಾತಾಡಿದಳು.

“ತಾಂಡೇಲ್ರೇ, ಒಂದು ಕೇಳ್ಬೇಕಿತ್ತು. ತಪ್ಪು ತಿಳ್ಕೋಬೇಡಿ.”

ತಪ್ಪು ತಿಳ್ಕೋಬೇಡಿ ಎಂದು ಯಾರಾದರೂ ಶುರು ಮಾಡಿದರೆ ರೀಕಲ್ಟ್ ಆಗಲೇ ತನ್ನ ತಪ್ಪೇನು ಎಂದು ಹುಡುಕತೊಡಗುತ್ತಾನೆ. “ಕೇಳಿ, ಕೇಳಿ,” ಅಂದ.

“ನಿಮಗೆ ಎಲ್ಲಿ ಎಳೀಬೇಕು ಅಂತ ನಾನು ಹೇಳೋ ಹಾಗಿಲ್ಲ. ಅದು ನಿಯಮ. ಆದರೆ ಎಣಿಕೆಗೆ ಹೋಗಿರೋ ಬೇರೆ ಎರಡು ಹಡಗಿಗಿಂತ ನಮ್ಮದು ತುಂಬಾ ಕಡಿಮೆ ಬರ್ತಾ ಇದೆ. ಕಡಿಮೆ ಬಂದ್ರೆ ತೊಂದರೆ ಇಲ್ಲ, ಮೀನೇ ಕಡಿಮೆ ಇದ್ರೆ ಕಡಿಮೆ ಅಂತಲೇ ಬರ್ಕೋತೀವಿ. ಕಚೇರಿಯೋರು ಕೇಳ್ತಾ ಇದಾರೆ... ನೀವು ಎಂದಿನಂತೆ ಎಳೀತಾ ಇದೀರಾ ಅಂತ.”

“ಹೌದು,” ಅಂದ ರೀಕಲ್ಟ್.

ಬಾಯಿ ಅದನ್ನು ಹೇಳಿದ್ದು ಕೈ ಬಿಸಿ ಪಾತ್ರೆಯಿಂದ ಹಿಂದೆ ಸರಿಯುವ ಹಾಗೆ. ಅವನನ್ನು ಕೇಳಲೇ ಇಲ್ಲ.

“ಹಾಗಾದ್ರೆ ಆಯ್ತು,” ಹಿಸ್ಕೆ ಅಂದಳು. ಹೋಗಲಿಲ್ಲ. “ಅಲ್ಲ ಅಂದ್ರೆ ಈ ಹಡಗಿನ ಇಡೀ ವಾರ ತೆಗೆದುಹಾಕ್ಬೇಕಾಗುತ್ತೆ, ಅದಕ್ಕೆ ಕೇಳಿದೆ. ಹೌದು ಅಂದ್ರೆ ಇದೇ ಅಂಕೆ ಹೋಗುತ್ತೆ. ಇದರ ಮೇಲೆ ಮುಂದಿನ ವರ್ಷ ಊರಿಗೆಲ್ಲ ಎಷ್ಟು ಟಾರ್ಬಾಟ್ ಹಿಡಿಯೋಕೆ ಬಿಡ್ತಾರೆ ಅನ್ನೋದು... ನಿಮಗೆ ಗೊತ್ತಲ್ಲ.” ಅಷ್ಟು ಹೇಳಿ ಬಾಯಿಗೆ ಕೈ ಅಡ್ಡ ಹಿಡಿದು ಸರಸರನೆ ಇಳಿದು ಹೋದಳು. ಹಡಗಿನ ಮಗ್ಗುಲಿಗೆ ಬಗ್ಗಿದವಳಿಗೆ ಟ್ರೊಂಪ್ ಹೇಳುವುದು ಕೇಳಿಸಿತು: “ಬಿಡಿ ಅಕ್ಕೋರೇ, ಪಂಗಾಸಿಯಸ್ಸಿಗೂ ಒಂದ್ಸಲ ದೊಡ್ಡ ನೀರು ನೋಡೋ ಆಸೆ ಇರುತ್ತೆ.”

ಆ ರಾತ್ರಿ ರೀಕಲ್ಟ್ ಚೆನ್ನಾಗಿಯೇ ನಿದ್ದೆ ಮಾಡಿದ, ಅದಕ್ಕೇ ಅವನಿಗೆ ಬೆಳಿಗ್ಗೆ ಹೆದರಿಕೆಯಾಯಿತು. ಸುಳ್ಳು ಹೇಳಿದವನಿಗೆ ನಿದ್ದೆ ಬರಬಾರದು. ಹಲ್ಲುಜ್ಜುತ್ತ ಕನ್ನಡಿಯಲ್ಲಿ ತನ್ನನ್ನು ಕೇಳಿಕೊಂಡ: ಹೌದು ಅಂದದ್ದು ಸುಳ್ಳೇ? ಎಂದಿನ ಬಲೆಯನ್ನೇ ಬಿಟ್ಟಿದ್ದೇನೆ, ಎಂದಿನ ವೇಗದಲ್ಲೇ ಎಳೆದಿದ್ದೇನೆ. ಜಾಗ ಮಾತ್ರ ಬೇರೆ. ಜಾಗ ಬೇರೆ ಮಾಡಿದ್ದು ಪ್ರಾಮಾಣಿಕತೆಗಾಗಿ. ಪ್ರಾಮಾಣಿಕತೆಗಾಗಿ ಹೇಳಿದ ಸುಳ್ಳು ಎಷ್ಟು ಸುಳ್ಳು? ಕನ್ನಡಿಯೊಳಗಿನವನ ಬಾಯಿ ತುಂಬ ನೊರೆ. ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ.

ಶುಕ್ರವಾರ. ಕೊನೆಯ ಚೌಕ ಮುಗಿಸಿ ಮನೆಗೆ. ಹಿಸ್ಕೆ ಮೇಲೆ ಬಂದು ಚೌಕದ ನೆಲೆ ಓದಿದಳು. ಅವಳು ಮೊದಲ ಅಂಕೆ ಓದುವಾಗ ಅವನು ತಲೆಯಾಡಿಸಿದ, ಎರಡನೆಯದು ಓದುವಾಗ ಕುತ್ತಿಗೆ ನಿಂತಿತು. ಸಮುದ್ರದಲ್ಲಿ ಚೌಕಗಳಿಗೇನು ಬರವೇ? ಕಂಪ್ಯೂಟರಿಗೆ ಇಡೀ ಉತ್ತರ ಸಮುದ್ರ ಬಿಟ್ಟು ಇದೇ ಬೇಕಿತ್ತೇ? ಅದು ಅಪ್ಪನ ತಗ್ಗು ಇದ್ದ ಚೌಕ.

ಅಪ್ಪ ಸಾಯುವ ವಾರ ಒಂದು ಮಧ್ಯಾಹ್ನ ಅಮ್ಮನನ್ನೂ ತಂಗಿಯರನ್ನೂ ಕೋಣೆಯಿಂದ ಹೊರಗೆ ಕಳಿಸಿದ್ದ. ಪಾದ್ರಿಗಳನ್ನೂ ಕಳಿಸಿದ್ದ. ಬಾಗಿಲು ಹಾಕು ಅಂದ. ರೀಕಲ್ಟ್ ಹಾಕಿ, ಹಾಕಿದೆಯೇ ಎಂದು ಇನ್ನೊಮ್ಮೆ ನೋಡಿ, ಹಾಸಿಗೆಯ ಬಳಿ ಮಂಡಿಯೂರಿದ. ಅಪ್ಪನ ಉಸಿರು ಒಣಗಿದ ಹಗ್ಗದಂತೆ ವಾಸನೆ ಬರುತ್ತಿತ್ತು. ಉದ್ದನೆಯ ದಿಬ್ಬ ಮುಗಿದ ಮೇಲೆ ಪಡುವಣಕ್ಕೆ, ನೀರಿನ ಬಣ್ಣ ಬೂದಿಯಿಂದ ಹಸಿರಿಗೆ ತಿರುಗೋ ಕಡೆ ಒಂದು ತಗ್ಗಿದೆ, ಯಾರ ನಕ್ಷೆಯಲ್ಲೂ ಇಲ್ಲ, ಪೂರ್ತಿ ಬಳೀಬೇಡ, ಸ್ವಲ್ಪ ಬಿಡು, ಯಾರಿಗೂ ಹೇಳ್ಬೇಡ. ಅಷ್ಟೇ. ಹೊರಗೆ ಬಂದಾಗ ಪಾದ್ರಿಗಳು ಭುಜದ ಮೇಲೆ ಕೈಯಿಟ್ಟು ಕೇಳಿದರು, ತಂದೆ ಮುಂದಿನ ನೆಲೆಯ ಬಗ್ಗೆ ಮಾತಾಡಿದರೇ ಎಂದು. ಮಾತಾಡಿದರು ಅಂದ ರೀಕಲ್ಟ್. ನೆಮ್ಮದಿಯಿಂದ ಇದ್ದರೇ? ತುಂಬಾ ನೆಮ್ಮದಿಯಿಂದ. ಎಲ್ಲಿಗೆ ಹೋಗಬೇಕು ಅನ್ನುವುದು ಅವರಿಗೆ ಸ್ಪಷ್ಟವಾಗಿತ್ತು. ಪಾದ್ರಿಗಳು ಅದನ್ನೇ ಮಣ್ಣು ಮಾಡಿದ ದಿನ ಪ್ರವಚನದಲ್ಲಿ ಹೇಳಿದರು, ಅಮ್ಮ ಅತ್ತಳು. ಅಂದಿನಿಂದ ಪ್ರತಿ ಬುಧವಾರ, ಬೇರೆಯವರ ಕಣ್ಣು ತಪ್ಪಿಸಿ, ಮೊದಲು ಉತ್ತರಕ್ಕೆ ಹೋಗುವವನಂತೆ ನಟಿಸಿ, ಮೂರು ಸುತ್ತು ಹಾಕಿ, ಒಂದೇ ಒಂದು ಎಳೆತ ಎಳೆದು ಹೊರಟುಬಿಡುತ್ತಿದ್ದ. ಆ ತಗ್ಗು ಯಾವತ್ತೂ ಬರಿಗೈಯಲ್ಲಿ ಕಳಿಸಿದ್ದಿಲ್ಲ.

ಚೌಕ ಹತ್ತಿರ ಬಂತು. ನೀರು ಬೂದಿಯಾಗಿತ್ತು, ಮುಂದೆ ಹಸಿರಾಗುವುದು ಅವನಿಗೆ ಕಣ್ಣು ಮುಚ್ಚಿದರೂ ಗೊತ್ತು. ಚೌಕದ ಮೂಡಣ ಅಂಚಿನಲ್ಲಿ ಒಳ್ಳೆಯ ಬೋಳು ಮರಳಿದೆ, ಅಲ್ಲೇ ಬಲೆ ಬಿಡುವುದು, ಅದೇ ಪ್ರಾಮಾಣಿಕತೆ ಅಂದುಕೊಂಡು ಚುಕ್ಕಾಣಿಗೆ ಕೈ ಹಾಕಿದ. ಆಗ ಅವನ ಕಣ್ಣಿಗೆ ತನ್ನದೇ ಇನ್ನೊಂದು ಕೈ ಬಿತ್ತು. ಎಡಗೈ ಮೊಣಕೈವರೆಗೂ ನಕ್ಷೆಯ ಪರದೆಯ ಮೇಲೆ ಅಡ್ಡ ಮಲಗಿತ್ತು. ಹಿಸ್ಕೆ ಆ ಪಕ್ಕಕ್ಕೆ ನಿಂತಿದ್ದಳು. ಶಾಲೆಯಲ್ಲಿ ಪಕ್ಕದವನು ನೋಡಿ ಬರೆಯದಿರಲಿ ಎಂದು ಹುಡುಗರು ಸ್ಲೇಟಿಗೆ ಮೊಣಕೈ ಅಡ್ಡ ಇಡುತ್ತಾರಲ್ಲ, ಥೇಟ್ ಹಾಗೆ. ಯಾವಾಗ ಇಟ್ಟೆ? ಇವತ್ತೇ ಇಟ್ಟೆನೇ, ಸೋಮವಾರದಿಂದಲೂ ಹೀಗೇ ಇತ್ತೇ? ದಿಬ್ಬ ಬಿಟ್ಟೆ, ಮುಳುಗಿದ ಹಡಗು ಬಿಟ್ಟೆ, ಒಂದೊಂದನ್ನೂ ಬಿಟ್ಟಾಗ ಎದೆಯಲ್ಲಿ ತಣ್ಣಗಾದದ್ದು ನಿಜ; ಅದು ಆತ್ಮಸಾಕ್ಷಿ ಅಂದುಕೊಂಡಿದ್ದೆ. ಪೆಟ್ಟಿಗೆಗೆ ಬೀಗ ಬಿದ್ದಾಗಲೂ ಹಾಗೇ ತಣ್ಣಗಾಗುತ್ತದೆ. ದೇವರೇ, ಇದು ತಕ್ಕಡಿಯ ಮಾತೇ ಅಲ್ಲ. ನನ್ನ ಜಾಗಗಳನ್ನು ಲುಬ್ಬರ್ಟ್ ನೋಡಬಾರದು, ಅಷ್ಟೇ. ಮೈಂಡರ್ಟ್ ನೋಡಬಾರದು. ಎಲ್ಲವನ್ನೂ ಬರೆದುಕೊಳ್ಳುವ ಈ ಹುಡುಗಿಯ ಯಂತ್ರ ನೋಡಬಾರದು. ಜಿಪುಣ ನಾನು. ಜಿಪುಣತನಕ್ಕೆ ಚರ್ಚಿನ ಕೋಟು ಹಾಕಿಸಿ ಹಡಗು ಹತ್ತಿಸಿಕೊಂಡು ಬಂದಿದ್ದೇನೆ. ಅವನಿಗೆ ನಾಚಿಕೆಯಾಯಿತು, ನಾಚಿಕೆಯ ಜೊತೆಯಲ್ಲೇ ವಿಚಿತ್ರವಾದ ಒಂದು ಹಗುರ. ಪಾಪವೇನೋ ಪಾಪವೇ, ಆದರೆ ತನ್ನ ಅಳತೆಗೆ ಸರಿಯಾದ ಪಾಪ.

ಕೈ ತೆಗೆದ. ಪಡುವಣಕ್ಕೆ ತಿರುಗಿಸಿದ. ಮೂರು ಸುತ್ತು ಹಾಕದೆ, ಬಾಗಿಲು ತೆರೆದ ಮನೆಗೆ ಹೋಗುವವನಂತೆ ನೇರ ಹೋಗಿ, ಬಲೆ ಬಿಡಿ ಎಂದು ಕೂಗಿದ. ಪರದೆಯ ಮೇಲೆ ತನ್ನ ತ್ರಿಕೋನ ತಗ್ಗಿನ ಮೇಲೆ ತೆವಳುತ್ತ, ಹಿಂದೆ ಗೆರೆ ಎಳೆಯುತ್ತಿದ್ದುದನ್ನು ನೋಡಲಾಗದೆ ಕಿಟಕಿಯ ಹೊರಗೆ ನೋಡಿದ. ತಂತಿಗಳು ಬಿಗಿದು ಹಡಗು ಹಿಂದಕ್ಕೆ ಜಗ್ಗಿತು.

“ಅಮ್ಮಾ,” ಅಂದ ಹಿಸ್ಕೆಗೆ. ಆ ವಾರ ಮೊದಲ ಸಲ ಹಾಗೆ ಕರೆದದ್ದು. “ನಿನ್ನೆ ಹೌದು ಅಂದೆನಲ್ಲ. ಅಲ್ಲ.”

“ಏನು ಅಲ್ಲ?”

“ಎಂದಿನಂತೆ ಅಲ್ಲ. ಇವತ್ತು, ಈಗ ಎಳೀತಾ ಇರೋದು ಎಂದಿನಂತೆ. ಸೋಮವಾರದಿಂದ ಎಳೆದದ್ದು ಎಲ್ಲಾ... ಮೀನಿರೋ ಜಾಗ ಬಿಟ್ಟು ಎಳೆದದ್ದು.”

ಹಿಸ್ಕೆ ಅವನನ್ನು ನೋಡಿದಳು. “ಮೋಸ ಮಾಡೋರನ್ನ ನೋಡಿದೀನಿ ತಾಂಡೇಲ್ರೇ. ಹೆಚ್ಚು ಹಿಡಿಯೋಕೆ ಮಾಡ್ತಾರೆ. ಕಡಿಮೆ ಹಿಡಿಯೋಕೆ ಯಾಕೆ?”

“ಮೊದಲು ನಾನು ಪ್ರಾಮಾಣಿಕತೆ ಅಂದುಕೊಂಡಿದ್ದೆ.”

“ಆಮೇಲೆ?”

“ಜಿಪುಣತನ.”

ಅವಳು ಕೈಯಲ್ಲಿದ್ದ ಯಂತ್ರದಲ್ಲಿ ಬೆರಳಾಡಿಸಿದಳು. ಹಣೆ ಗಂಟಿಕ್ಕಿತು. “ಎಳೆತ ರದ್ದು ಮಾಡೋಕೆ ಕಾರಣ ಕೇಳುತ್ತೆ ಇದು. ಬಲೆ ಹರಿದಿದೆ, ಹವಾಮಾನ, ತಳದಲ್ಲಿ ಕಲ್ಲು, ಯಂತ್ರ ಕೆಟ್ಟಿದೆ. ಜಿಪುಣತನ ಇಲ್ಲ.”

“ಹವಾಮಾನ ಅಂತ ಹಾಕಿಬಿಡಿ?”

“ಹವಾಮಾನ ಚೆನ್ನಾಗಿತ್ತಲ್ಲ.” ಅವಳಿಗೆ ನಿಜವಾಗಿಯೂ ಸಂಕಟವಾಗುತ್ತಿತ್ತು, ಅವನಿಗೆ ಆ ಸಂಕಟದ ಗುರುತು ಚೆನ್ನಾಗಿತ್ತು, ತನ್ನ ಮನೆಯ ಬೀಗದ ಹಾಗೆ. “ಇಲ್ಲಿ ಇತರೆ ಅಂತ ಒಂದಿದೆ,” ಅಂದಳು ಕೊನೆಗೆ. “ಇತರೆ ಸಾಕಾ?”

“ಸಾಕು,” ಅಂದ ರೀಕಲ್ಟ್. “ಇತರೆ ಚೆನ್ನಾಗಿದೆ.”

ಅಷ್ಟರಲ್ಲಿ ರೇಡಿಯೋ ಗೊರಗುಟ್ಟಿತು. ಅವನು ಕಾಯುತ್ತಿದ್ದದ್ದೂ ಹೆದರುತ್ತಿದ್ದದ್ದೂ ಅದಕ್ಕೇ. ಮೂವತ್ತು ವರ್ಷದ ಗುಟ್ಟು ಪರದೆಯ ಮೇಲೆ ಬತ್ತಲೆಯಾಗಿ ಮಲಗಿತ್ತು.

“ಭಾವ,” ಲುಬ್ಬರ್ಟ್ ಅಂದ. “ಇವತ್ತು ಶುಕ್ರವಾರ ಕಣೋ.”

“ಅದಕ್ಕೇನು?”

“ಅಲ್ಲ, ಅಪ್ಪನ ತಗ್ಗಿಗೆ ನೀನು ಬುಧವಾರ ಅಲ್ವಾ ಹೋಗೋದು? ಮೈ ಹುಷಾರಿದೆ ತಾನೇ?”

ರೀಕಲ್ಟನ ಕೈ ಗುಂಡಿಯ ಮೇಲಿತ್ತು, ಒತ್ತಲು ನೆನಪಾಗಲಿಲ್ಲ. ಆಮೇಲೆ ಒತ್ತಿದ. “ನಿನಗೆ ಹೇಗೆ ಗೊತ್ತು?” ಅಂದಾಗ ದನಿ ಹುಡುಗನದಾಗಿತ್ತು.

“ಹೇಗೆ ಗೊತ್ತು ಅಂದ್ರೆ? ಮಾವನೇ ಹೇಳಿದ್ದು. ಸಾಯೋ ವಾರ ನನ್ನನ್ನ ಒಳಗೆ ಕರೆದು, ಬಾಗಿಲು ಹಾಕಿಸಿ, ನಿನಗೊಬ್ಬನಿಗೇ ಹೇಳ್ತಾ ಇದೀನಿ ಅಳಿಯ ಅಂತ ಹೇಳಿದ್ರು. ಕಣ್ಣಲ್ಲಿ ನೀರು ಬಂತು ನಂಗೆ.”

“ನನಗೂ ಹೇಳಿದ್ದ,” ಮೈಂಡರ್ಟ್ ನಡುವೆ ಬಂದ, ಮುದುಕನ ದನಿ ನಿಧಾನಕ್ಕೆ ಏರಿತು. “ನಾನು ಕಿತ್ತಳೆ ತಗೊಂಡು ನೋಡೋಕೆ ಹೋಗಿದ್ದೆ. ಕಿತ್ತಳೆ ಇಸ್ಕೊಂಡು ಬಾಗಿಲು ಹಾಕು ಅಂದ. ಕ್ಷೌರ ಮಾಡೋಕೆ ಮನೆಗೆ ಬರ್ತಿದ್ದನಲ್ಲ, ಅವನಿಗೂ ಹೇಳಿದಾನೆ ನಿಮ್ಮಪ್ಪ. ಕ್ಷೌರಿಕ ತಗ್ಗು ಇಟ್ಕೊಂಡು ಏನ್ಮಾಡ್ತಾನೆ ಹೇಳು.”

“ಒಂದು ಸೋಮವಾರ ಹೋದ್ರೆ ಅಲ್ಲಿ ಎಲ್ರೂ ಇದ್ವಿ,” ಲುಬ್ಬರ್ಟ್ ನಗುತ್ತಿದ್ದ. “ಒಬ್ಬರ ಮುಖ ಒಬ್ರು ನೋಡ್ಕೊಂಡು ನಿಂತ್ವಿ. ಆಮೇಲೆ ಮಾತಾಡ್ಕೊಂಡ್ವಿ, ಸೋಮವಾರ ನಮ್ಮದು, ಬುಧವಾರ ಬಿಟ್ಬಿಡೋಣ, ಮಗ ಅಲ್ವಾ ಅಂತ. ಅದೂ ಅಲ್ದೆ ಭಾವ, ನೀನು ಉತ್ತರಕ್ಕೆ ಹೋಗೋನ ಹಾಗೆ ಹೋಗಿ, ಮೂರು ಸುತ್ತು ಹಾಕಿ, ಬೆಕ್ಕು ಹಾಲಿನ ಹತ್ರ ಬಂದಂಗೆ ಬರ್ತೀಯಲ್ಲ, ಅದನ್ನ ನೋಡೋಕೆ ನಾವು ಕಾಫಿ ಮಾಡ್ಕೊಂಡು ಕೂತಿರ್ತೀವಿ. ಯಾಕೆ ಹಾಳು ಮಾಡೋದು ಅಂತ ಹೇಳಲಿಲ್ಲ.”

ಅಂದರೆ ಇಷ್ಟು ವರ್ಷ ತಾನು ತಂದದ್ದೆಲ್ಲ ಸೋಮವಾರದವರು ಬಳಿದು ಉಳಿದದ್ದು. ಪಂಕ್ತಿ ಎದ್ದ ಮೇಲಿನ ಎಲೆ. ರೀಕಲ್ಟ್ ಕುರ್ಚಿಯಲ್ಲಿ ಕುಳಿತ. ಅಪ್ಪನ ಮುಖ ನೆನಪು ಮಾಡಿಕೊಳ್ಳಲು ನೋಡಿದ. ಬಾಗಿಲು ಹಾಕು ಅಂದ ಆ ಗಂಭೀರ, ಆ ಒಣ ಹಗ್ಗದ ಉಸಿರು. ಒಬ್ಬೊಬ್ಬರನ್ನೇ ಕರೆದು, ಒಬ್ಬೊಬ್ಬರಿಗೂ ನೀನೊಬ್ಬನೇ ಎಂದು, ಕಿತ್ತಳೆ ತಿನ್ನುತ್ತ. ಸಾಯುವುದಕ್ಕೆ ಬೇಜಾರಾಗಿರಬೇಕು ಅವನಿಗೆ, ಒಬ್ಬನೇ ಮಲಗಿ. ನೋಡಲು ಬಂದವರಿಗೆ ಕೊಡಲು ಬೇರೆ ಏನಿತ್ತು? ಸಿಟ್ಟು ಬರುತ್ತದೆ ಎಂದು ಕಾದು ಕುಳಿತ. ಅದು ಬರುವ ದಾರಿಯಲ್ಲಿ ಎಲ್ಲೋ ತಪ್ಪಿಸಿಕೊಂಡಿತು.

“ಹಾಗಾದ್ರೆ ಇದು ಎಲ್ರೂ ಹಿಡಿಯೋ ಜಾಗ,” ಹಿಸ್ಕೆ ಮೆಲ್ಲಗೆ ಅಂದಳು. “ಒಳ್ಳೇದೇ ಆಯ್ತು. ಅಂಕೆಗೆ ಅದೇ ಬೇಕು.”

ಬಲೆ ಎತ್ತುವ ಹೊತ್ತಾಯಿತು. ವಿಂಚಿನ ರಾಟೆ ಗೊಣಗುತ್ತ ತಂತಿ ಸುತ್ತಿಕೊಂಡಿತು, ಚೀಲ ನೀರಿನಿಂದ ಎದ್ದು ತೂಗಾಡಿತು, ಟ್ರೊಂಪ್ ಗಂಟು ಎಳೆದ. ಈ ಸಲ ರೀಕಲ್ಟ್ ಮೀನನ್ನೇ ನೋಡಿದ. ಟಾರ್ಬಾಟುಗಳು ಕಂದು ಬೆನ್ನು ಮೇಲಾಗಿ, ಒದ್ದೆ ಕಲ್ಲುಹಾಸಿನಂತೆ ಒಂದರ ಮೇಲೊಂದು ಜಾರಿದವು. ಬಹಳವೂ ಅಲ್ಲ, ಕಡಿಮೆಯೂ ಅಲ್ಲ. ಹಿಸ್ಕೆ ಒಂದೊಂದನ್ನೇ ಹಲಗೆಗೆ ಎತ್ತುತ್ತ, ಉದ್ದ ಕೂಗುತ್ತ, ಕ್ಷಮಿಸು ಕ್ಷಮಿಸು ಅನ್ನುತ್ತ ಮುಗಿಸಿ, ಮೇಲಕ್ಕೆ ನೋಡಿ ಹೇಳಿದಳು: “ಹನ್ನೊಂದು!”

“ಎಷ್ಟು ಬಂತೋ?” ರೇಡಿಯೋ ಕೇಳಿತು.

ಊರಿನಲ್ಲಿ ಈ ಪ್ರಶ್ನೆಗೆ ಯಾರೂ ಸರಿಯಾದ ಉತ್ತರ ಕೊಟ್ಟಿದ್ದಿಲ್ಲ. ಹೆಚ್ಚು ಬಂದರೆ ಏನೋ ಅಷ್ಟಿಷ್ಟು ಅನ್ನಬೇಕು, ಏನೂ ಬರದಿದ್ದರೆ ಪರವಾಗಿಲ್ಲ ಅನ್ನಬೇಕು. ಕೇಳುವವನು ಅದನ್ನು ತನ್ನ ಲೆಕ್ಕದಲ್ಲಿ ತಿರುಗಿಸಿಕೊಳ್ಳುತ್ತಾನೆ. ಇದು ಸುಳ್ಳಲ್ಲ, ಪದ್ಧತಿ. ಚರ್ಚಿನ ಹಿರಿಯರೂ ಹೀಗೇ ಹೇಳುತ್ತಾರೆ. ರೀಕಲ್ಟ್ ಗುಂಡಿ ಒತ್ತಿದ. ಮುಚ್ಚಿಡಲು ಅವನ ಹತ್ತಿರ ಇನ್ನೇನೂ ಉಳಿದಿರಲಿಲ್ಲ.

“ಹನ್ನೊಂದು,” ಅಂದ.

ರೇಡಿಯೋದಲ್ಲಿ ಯಾರದೋ ಕಾಫಿ ಲೋಟ ಮೇಜಿಗೆ ತಾಗಿದ ಸದ್ದು.

“ಏನಂದ?” ಮೈಂಡರ್ಟ್ ಕೇಳಿದ.

“ಹನ್ನೊಂದಂತೆ,” ಅಂದ ಲುಬ್ಬರ್ಟ್.

“ಹನ್ನೊಂದು ಅಂತಾನೇ ಅಂದ್ನಾ? ಸುಮಾರು ಅನ್ನಲಿಲ್ವಾ?”

“ಇಲ್ಲ. ಹನ್ನೊಂದು.”

“ಹನ್ನೊಂದು ಟಾರ್ಬಾಟ್ ಬಂದಿದೆ,” ರೀಕಲ್ಟ್ ಮತ್ತೆ ಹೇಳಿದ, ಸ್ಪಷ್ಟವಾಗಿ, ಕಿವುಡರಿಗೆ ಹೇಳುವ ಹಾಗೆ. “ಎಣಿಸಿದೀವಿ.”

“ಎಣಿಸಿದಾನಂತೆ!” ಲುಬ್ಬರ್ಟನ ದನಿಯಲ್ಲಿ ಅಗಿಯುವುದು ನಿಂತಿತು. “ಭಾವ, ಇಷ್ಟು ಸರಿಯಾಗಿ ಹೇಳ್ತಾ ಇದೀಯ ಅಂದ್ರೆ... ಐವತ್ತಾ? ಅರವತ್ತಾ?”

“ಹನ್ನೊಂದು ಕಣೋ.”

“ಆಯ್ತಪ್ಪ, ಆಯ್ತು. ಹನ್ನೊಂದು,” ಅಂದ ಲುಬ್ಬರ್ಟ್, ತುಂಬ ಮರ್ಯಾದೆಯಿಂದ. ರೇಡಿಯೋ ಆರಿತು.

ಹಿಸ್ಕೆ ಕೈ ಒರೆಸಿಕೊಳ್ಳುತ್ತ ಮೇಲೆ ಬಂದಳು. ಪರದೆಯ ಮೇಲೆ ಶುಕ್ರವಾರದ ತ್ರಿಕೋನಗಳೆಲ್ಲ ಮೂತಿಯನ್ನು ಬಂದರಿನ ಕಡೆ ಇಟ್ಟು ಸಾಲಾಗಿ ಮನೆಗೆ ಹೊರಟಿದ್ದವು. ಅವರಿಬ್ಬರೂ ನೋಡುತ್ತಿದ್ದಂತೆ ಎಲ್ಲಕ್ಕಿಂತ ಹತ್ತಿರದ ತ್ರಿಕೋನ, ಲುಬ್ಬರ್ಟನದು, ನಿಧಾನವಾಯಿತು. ಸ್ವಲ್ಪ ಯೋಚಿಸಿತು. ಆಮೇಲೆ ಮೂತಿ ತಿರುಗಿಸಿತು. ಅದರ ಹಿಂದೆ ಮೈಂಡರ್ಟನದು ತಿರುಗಿತು. ಆಮೇಲೆ ಇನ್ನೊಂದು, ಅದರಾಚೆ ಇನ್ನೆರಡು.

“ಅಯ್ಯೋ, ಎಲ್ಲಾ ನಮ್ಮ ಕಡೆ ಬರ್ತಾ ಇದಾರೆ,” ಅಂದಳು ಹಿಸ್ಕೆ. “ಏನಾಯ್ತು? ನೀವೇನಂದ್ರಿ?”

“ನಿಜ ಹೇಳಿದೆ,” ಅಂದ ರೀಕಲ್ಟ್, ಅವರಿಗೆ ದಾರಿ ಬಿಡಲು ಹಡಗನ್ನು ಪಕ್ಕಕ್ಕೆ ಸರಿಸುತ್ತ.